ಸೀನಿದರೆ ಸೀರೆ ಒದ್ದೆ, ಯಾರ ಮುಂದೆ ಹೇಳಲಿ?

ಹಿಂದೊಮ್ಮೆ ಸೊಂಟ ನೋವಿನ ಬಗ್ಗೆ ಬರೆದಾಗ ಕೊನೆಗೆ ಒಂದು ಸಾಲು ಸೇರಿಸಿದ್ದೆ: ಕೆಮ್ಮಿದಾಗ, ನಕ್ಕಾಗ ಉಚ್ಚೆ ಹನಿಯುತ್ತಿದ್ದರೆ ಅದಕ್ಕೂ ಫಿಸಿಯೋಥೆರಪಿ ಇದೆ ಅಂತ. ಸೊಂಟ ನೋವಿನ ಬಗ್ಗೆ ಕೇಳಿ ಬಂದ ಪತ್ರಗಳು ಕಡಿಮೆ, ಆ ಒಂದು ಸಾಲಿನ ಬಗ್ಗೆ ಬಂದದ್ದೇ ಜಾಸ್ತಿ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿಕೊಂಡಿದ್ದಾರೆ, ಯಾರದ್ದೂ ಹಾಕಿಲ್ಲ. ಇನ್ನೊಂದು ಮಾತು. ಉಚ್ಚೆ, ಯೋನಿ ಅಂತ ನೇರವಾಗಿಯೇ ಬರೆದಿದ್ದೇನೆ. ಸುತ್ತಿ ಬಳಸಿ ಬರೆದರೆ ಓದುವವರು ವ್ಯಾಯಾಮ ಮಾಡುವಾಗ ಬೇರೆ ಯಾವುದೋ ಸ್ನಾಯು ಬಿಗಿ ಹಿಡಿದು ಕೂರುತ್ತಾರೆ. ಪತ್ರಗಳೂ ಅವುಗಳಿಗೆ ನನ್ನ ಉತ್ತರಗಳೂ ಕೆಳಗಿವೆ.

ನನಗೆ 36. ಎರಡು ಮಕ್ಕಳು, ಎರಡೂ ನಾರ್ಮಲ್, ಎರಡನೆಯದನ್ನು ವ್ಯಾಕ್ಯೂಮ್ ಹಾಕಿ ತೆಗೆದರು. ಅಲ್ಲಿಂದ ಶುರು. ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ ಉಚ್ಚೆ ಹೋಗುತ್ತದೆ. ಈ ಬೇಸಿಗೆಯಲ್ಲಿ ಖಾರ ಕುಟ್ಟಿಸಲು ಗಿರಣಿಗೆ ಹೋದಾಗ ಘಾಟಿಗೆ ಸೀನಿ ಸೀನಿ ಲಂಗ ಪೂರ್ತಿ ಒದ್ದೆಯಾಯಿತು, ಡಬ್ಬಿ ಅಲ್ಲೇ ಬಿಟ್ಟು ಓಡಿ ಬಂದೆ. ಅತ್ತೆ 'ಹಡದ ಹೆಂಗಸರಿಗೆ ಇದು ಇದ್ದದ್ದೇ ಐತಿ, ಸುಮ್ನಿರವಾ' ಅಂದರು. ಈಗ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ಜೀವಮಾನ ಪೂರ್ತಿ ಹೀಗೇನಾ ಅಕ್ಕಾ?
(ಬೈಲಹೊಂಗಲ ತಾಲೂಕು)

ಇಲ್ಲ ತಂಗಿ. ಅತ್ತೆಯವರು ಹೇಳಿದ್ದರಲ್ಲಿ ಅರ್ಧ ನಿಜ. ಹೆರಿಗೆಯಾದ ಮೂವರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಆದರೆ ಸುಮ್ನಿರಬೇಕಾಗಿಲ್ಲ.

ನಮ್ಮ ಸೊಂಟದ ಗೂಡಿನ ತಳದಲ್ಲಿ, ಮುಂದಿನ ಎಲುಬಿನಿಂದ ಹಿಂದಿನ ಬಾಲದ ಎಲುಬಿನವರೆಗೆ, ಮಗುವಿಗೆ ಕಟ್ಟುವ ಜೋಲಿಯ ಹಾಗೆ ಸ್ನಾಯುಗಳ ಒಂದು ಪದರ ಇದೆ. ಅದನ್ನೇ ಪೆಲ್ವಿಕ್ ಫ್ಲೋರ್ ಅನ್ನುವುದು. ಉಚ್ಚೆಯ ಚೀಲ, ಗರ್ಭಕೋಶ, ಮಲದ ಚೀಲ ಮೂರೂ ಅದರ ಮೇಲೆ ಕೂತಿವೆ, ಮೂರರ ದಾರಿಯೂ ಅದರೊಳಗಿಂದಲೇ ಹಾದು ಹೋಗುತ್ತದೆ. ಸೀನಿದಾಗ ಹೊಟ್ಟೆಯ ಒತ್ತಡ ಒಮ್ಮೆಲೇ ಕೆಳಗೆ ಬೀಳುತ್ತದೆ, ಆ ಕ್ಷಣಕ್ಕೆ ಈ ಸ್ನಾಯು ಬಿಗಿಯಾಗಿ ಉಚ್ಚೆಯ ನಾಳವನ್ನು ಮುಚ್ಚಿ ಹಿಡಿಯಬೇಕು. ಹೆರಿಗೆಯಲ್ಲಿ ಅದು ಎಳೆದು ಸಡಿಲವಾಗಿರುತ್ತದೆ. ವ್ಯಾಕ್ಯೂಮ್, ಫೋರ್ಸೆಪ್ಸ್ ಹಾಕಿದವರಿಗೆ, ದೊಡ್ಡ ಮಗು ಹೆತ್ತವರಿಗೆ, ಬಹಳ ಹೊತ್ತು ತಿಣುಕಿದವರಿಗೆ ಇನ್ನಷ್ಟು. ನಮ್ಮ ಕಡೆ ಬಾಣಂತಿಗೆ ಅಂಟಿನ ಉಂಡೆ ಕೊಡುತ್ತಾರೆ, ಎರೆಯುತ್ತಾರೆ, ಹೊಟ್ಟೆ ಕಟ್ಟುತ್ತಾರೆ, ಆದರೆ ಕೆಳಗಿನ ಈ ಸ್ನಾಯುವನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೊಟ್ಟೆಯನ್ನು ತೀರಾ ಬಿಗಿಯಾಗಿ ಕಟ್ಟಿದರೆ ಒತ್ತಡವೆಲ್ಲ ಕೆಳಗೇ ಇಳಿಯುತ್ತದೆ, ಅದೂ ಗೊತ್ತಿರಲಿ.

ಮೊದಲು ಸ್ನಾಯು ಯಾವುದು ಅಂತ ಹುಡುಕಿ. ಮಂಡಿ ಮಡಚಿ ಅಂಗಾತ ಮಲಗಿ. ನಾಲ್ಕು ಜನರ ನಡುವೆ ಕೂತಿದ್ದಾಗ ಹೂಸು ಬಂದರೆ ಹೇಗೆ ತಡೆಯುತ್ತೀರಿ? ಹಾಗೆ ಹಿಂದಿನಿಂದ ಬಿಗಿ ಹಿಡಿಯಿರಿ, ಹಾಗೇ ಮುಂದಕ್ಕೆ ಉಚ್ಚೆ ತಡೆದಂತೆ, ಎರಡನ್ನೂ ಸೇರಿಸಿ ಒಳಗೆ ಮೇಲಕ್ಕೆ ಎಳೆದುಕೊಳ್ಳಿ. ಕುಂಡಿ ಬಿಗಿಯಾಗಬಾರದು, ತೊಡೆ ಒಂದಕ್ಕೊಂದು ಅದುಮಬಾರದು, ಉಸಿರು ಕಟ್ಟಬಾರದು. ಹೊರಗಿನಿಂದ ನೋಡಿದವರಿಗೆ ನೀವು ಏನೋ ಮಾಡುತ್ತಿದ್ದೀರಿ ಅಂತ ಗೊತ್ತೇ ಆಗಬಾರದು. ಅನುಮಾನ ಇದ್ದರೆ ಬಾಗಿಲು ಹಾಕಿಕೊಂಡು ಕೈಗನ್ನಡಿ ಹಿಡಿದು ನೋಡಿ, ಯೋನಿಗೂ ಗುದದ್ವಾರಕ್ಕೂ ನಡುವಿನ ಜಾಗ ಒಳಗೆ ಹೋದರೆ ಸರಿ. ಹೊರಗೆ ಉಬ್ಬಿದರೆ ನೀವು ಎಳೆದುಕೊಳ್ಳುತ್ತಿಲ್ಲ, ತಿಣುಕುತ್ತಿದ್ದೀರಿ. ಇದು ಬಹಳ ಜನ ಮಾಡುವ ತಪ್ಪು, ಹೀಗೆ ಮಾಡಿದರೆ ಗುಣ ಆಗುವ ಬದಲು ಇನ್ನೂ ಕೆಡುತ್ತದೆ.

ಸ್ನಾಯು ಸಿಕ್ಕಿತು ಅಂದುಕೊಳ್ಳಿ. 5 ಸೆಕೆಂಡ್ ಹಿಡಿಯಿರಿ, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಸಡಿಲ ಬಿಡುವುದೂ ವ್ಯಾಯಾಮವೇ, ಅದನ್ನು ಹಾರಿಸಬೇಡಿ. ಹೀಗೆ 8ರಿಂದ 10 ಸಲ. ಆಮೇಲೆ ಪಟಪಟ ಅಂತ ಬಿಗಿ ಹಿಡಿದು ಬಿಡುವುದು ಇನ್ನೊಂದು 10 ಸಲ. ಇಷ್ಟನ್ನು ದಿನಕ್ಕೆ ಮೂರು ಹೊತ್ತು. 3 ಸೆಕೆಂಡಿಗೇ ಜಾರಿದರೆ 3ರಿಂದಲೇ ಶುರು ಮಾಡಿ, ನಿಧಾನಕ್ಕೆ 10 ಸೆಕೆಂಡಿಗೆ ಬನ್ನಿ. ಮಲಗಿ ಮಾಡುವುದು ರೂಢಿಯಾದ ಮೇಲೆ ಕೂತು ಮಾಡಿ, ಅದೂ ರೂಢಿಯಾದ ಮೇಲೆ ನಿಂತು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಎಂಟು ದಿನ ಮಾಡಿ ಏನೂ ಆಗಲಿಲ್ಲ ಅಂತ ನನಗೆ ಬೈದು ಪತ್ರ ಬರೆಯಬೇಡಿ!

ಇದರ ಜೊತೆಗೆ ಇನ್ನೊಂದನ್ನು ಕಲಿಯಿರಿ. ಸೀನು ಬರುತ್ತಿದೆ ಅನ್ನಿಸಿದ ಕೂಡಲೇ, ಕೊಡಕ್ಕೆ ಕೈ ಹಾಕುವ ಮೊದಲೇ, ಬಿಗಿ ಹಿಡಿಯಿರಿ. ಆಮೇಲೆ ಸೀನಿ, ಆಮೇಲೆ ಎತ್ತಿ. ಎತ್ತುವಾಗ ಉಸಿರು ಹೊರಗೆ ಬಿಡಿ. ಸ್ನಾಯುವಿಗೆ ಪೂರ್ತಿ ಬಲ ಬರುವ ಮೊದಲೇ ಇದರಿಂದ ಎಷ್ಟೋ ಜನರಿಗೆ ಸೋರುವುದು ಕಡಿಮೆಯಾಗುತ್ತದೆ. ಮುಂದಿನ ಸಲ ಗಿರಣಿಯಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಇದನ್ನು ಮಾಡಿ ನೋಡಿ.

ಒಂದಕ್ಕೆ ಕೂತಾಗ ಧಾರೆಯನ್ನು ನಡುನಡುವೆ ತಡೆಯುವುದೇ ವ್ಯಾಯಾಮ ಅಂತ ಕೆಲವರು ಹೇಳಿಕೊಡುತ್ತಾರೆ. ಬೇಡ. ಸ್ನಾಯು ಯಾವುದು ಅಂತ ತಿಳಿಯಲು ಒಂದು ಸಲ ಮಾಡಿದರೆ ಪರವಾಗಿಲ್ಲ, ದಿನಾ ಮಾಡಿದರೆ ಚೀಲ ಪೂರ್ತಿ ಖಾಲಿಯಾಗುವುದಿಲ್ಲ.

ನೀರು ಬಿಡಬೇಡಿ ತಂಗಿ. ಹೊಲದ ಕೆಲಸ ಇದ್ದರೆ, ನಮ್ಮ ಕಡೆಯ ಬಿಸಿಲಿಗೆ, ಎರಡು ಲೀಟರೂ ಸಾಲದು. ನೀರು ಕಡಿಮೆಯಾದರೆ ಉಚ್ಚೆ ಗಟ್ಟಿಯಾಗಿ ಚೀಲವನ್ನು ಕೆಣಕುತ್ತದೆ, ಮಲಬದ್ಧತೆ ಆಗುತ್ತದೆ, ಮಲಬದ್ಧತೆಗೆ ತಿಣುಕಿದರೆ ಮತ್ತೆ ಅದೇ ಸ್ನಾಯುವಿಗೆ ಪೆಟ್ಟು.

ನನಗೆ 51, ಮುಟ್ಟು ನಿಂತು ಎರಡು ವರ್ಷ. ಕೆಮ್ಮಿದರೆ ಏನೂ ಆಗುವುದಿಲ್ಲ. ಆದರೆ ಮನೆಗೆ ಬಂದು ಬಾಗಿಲ ಕೀಲಿ ತೆಗೆಯುತ್ತಿದ್ದಂತೆ ತಡೆಯಲಾಗದಷ್ಟು ಅವಸರ, ಬಚ್ಚಲಿಗೆ ಹೋಗುವಷ್ಟರಲ್ಲಿ ಅರ್ಧ ಹೋಗಿರುತ್ತದೆ. ನಲ್ಲಿ ನೀರಿನ ಸಪ್ಪಳ ಕೇಳಿದರೂ ಅಷ್ಟೇ. ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ ಇದ್ದರೂ ಕೂಡಲಸಂಗಮಕ್ಕೆ ಹೋಗಲು ಧೈರ್ಯವಿಲ್ಲ. ನೀವು ಹೇಳುವ ವ್ಯಾಯಾಮ ನನಗೂ ಆಗುತ್ತದೆಯೇ?
(ವಿಜಯಪುರ)

ಅಕ್ಕಾರೆ, ನಿಮ್ಮದು ಬೇರೆ ಜಾತಿಯದ್ದು. ಮೇಲಿನ ತಂಗಿಯದು ಒತ್ತಡಕ್ಕೆ ಸೋರುವುದು. ನಿಮ್ಮದು ಅವಸರಕ್ಕೆ ಸೋರುವುದು, ಅಂದರೆ ಚೀಲ ತುಂಬುವ ಮೊದಲೇ ತಾನಾಗಿ ಹಿಂಡಿಕೊಳ್ಳುತ್ತದೆ. ಎಷ್ಟೋ ಜನರಿಗೆ ಎರಡೂ ಸೇರಿರುತ್ತದೆ. ಯಾವುದು ಅಂತ ತಿಳಿಯದೆ ಔಷಧಿ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗಬೇಡಿ.

ಮೊದಲು ಎರಡು ಪರೀಕ್ಷೆ ಮಾಡಿಸಿ: ಉಚ್ಚೆಯಲ್ಲಿ ಸೋಂಕು ಇದೆಯಾ, ರಕ್ತದಲ್ಲಿ ಶುಗರ್ ಇದೆಯಾ. ಎರಡೂ ಹೀಗೆ ಓಡಿಸುತ್ತವೆ. ಅವೆರಡೂ ಸರಿ ಇದ್ದರೆ ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಷ್ಟು ಗಂಟೆಗೆ ಏನು ಎಷ್ಟು ಕುಡಿದಿರಿ, ಎಷ್ಟು ಗಂಟೆಗೆ ಒಂದಕ್ಕೆ ಹೋದಿರಿ, ಎಷ್ಟು ಬಂತು, ಯಾವಾಗ ಸೋರಿತು. ಅಳೆಯಲು ಹಳೆಯ ಪ್ಲಾಸ್ಟಿಕ್ ಮಗ್ಗಿಗೆ ಗುರುತು ಹಾಕಿಕೊಳ್ಳಿ. ದೊಡ್ಡವರ ಚೀಲ ಸುಮಾರು 400ರಿಂದ 500 ಎಂಎಲ್ ಹಿಡಿಯುತ್ತದೆ. ನಿಮ್ಮ ಪುಸ್ತಕದಲ್ಲಿ ಪ್ರತಿ ಸಲ 100, 120 ಅಂತಲೇ ಇದ್ದರೆ ಚೀಲ ಸಣ್ಣದಾಗಿಲ್ಲ, ಅದಕ್ಕೆ ಕೆಟ್ಟ ರೂಢಿ ಬಿದ್ದಿದೆ. 'ಹೊರಗೆ ಹೊರಟಿದ್ದೇನೆ, ಯಾವುದಕ್ಕೂ ಒಮ್ಮೆ ಹೋಗಿ ಬರುತ್ತೇನೆ' ಅಂತ ಅರ್ಧ ಗಂಟೆಗೊಮ್ಮೆ ಹೋಗಿ ಹೋಗಿ ನಾವೇ ಅದನ್ನು ಹಾಗೆ ಕಲಿಸುತ್ತೇವೆ.

ಈಗ ವಾಪಸ್ ಕಲಿಸಬೇಕು. ಈಗ ಒಂದು ಗಂಟೆ ತಡೆಯಬಲ್ಲಿರಿ ಅಂದರೆ ಈ ವಾರ ಒಂದೂಕಾಲು ಗಂಟೆ, ಮುಂದಿನ ವಾರ ಒಂದೂವರೆ, ಹೀಗೆ ಹದಿನೈದು ಹದಿನೈದು ನಿಮಿಷ ಏರಿಸುತ್ತಾ ಮೂರು ಗಂಟೆಗೆ ತನ್ನಿ. ಅವಸರ ಬಂದಾಗ ಓಡಬೇಡಿ. ಓಡಿದರೆ ಚೀಲ ಇನ್ನೂ ಕೆರಳುತ್ತದೆ. ನಿಂತಲ್ಲೇ ನಿಲ್ಲಿ, ಸಾಧ್ಯವಿದ್ದರೆ ಕೂತುಬಿಡಿ, ಆ ಸ್ನಾಯುವನ್ನು ಐದಾರು ಸಲ ಪಟಪಟ ಬಿಗಿ ಹಿಡಿದು ಬಿಡಿ, ಉಸಿರು ನಿಧಾನ ಮಾಡಿ, ನಾಳೆಯ ಪಲ್ಯ ಯಾವುದು ಅಂತ ಯೋಚಿಸಿ. ಒಂದು ನಿಮಿಷದಲ್ಲಿ ಅವಸರ ಇಳಿಯುತ್ತದೆ. ಆಮೇಲೆ ನಡೆದುಕೊಂಡು ಹೋಗಿ. ಅಂದರೆ ವ್ಯಾಯಾಮ ನಿಮಗೂ ಬೇಕು, ಬಳಸುವ ರೀತಿ ಬೇರೆ. ಇದಕ್ಕೆ ಕನಿಷ್ಠ ಆರು ವಾರ ಕೊಡಿ.

ಚಹಾ ದಿನಕ್ಕೆ ಎಷ್ಟು ಅಂತ ನೀವು ಬರೆದಿಲ್ಲ. ನಮ್ಮ ಜಿಲ್ಲೆಗಳ ಹೆಂಗಸರು ಬರೆಯುವುದೂ ಇಲ್ಲ, ಬಂದವರಿಗೆಲ್ಲ ಇಟ್ಟು ತಾವೂ ಅರ್ಧ ಕಪ್ಪು ಕುಡಿದದ್ದು ಲೆಕ್ಕಕ್ಕೇ ಬರುವುದಿಲ್ಲ. ಚಹಾದಲ್ಲಿರುವ ಕೆಫೀನ್ ಚೀಲವನ್ನು ಕೆಣಕುತ್ತದೆ. ದಿನಕ್ಕೆ ಎರಡು ಕಪ್ಪಿಗೆ ಇಳಿಸಿ. ಇಷ್ಟಾಗಿಯೂ ಆಗದಿದ್ದರೆ ಡಾಕ್ಟರ್ ಬರೆದುಕೊಡುವ ಮಾತ್ರೆಗಳಿವೆ. ಕೆಲವು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ಕೆಲವಕ್ಕೆ ಬಿಪಿ ನೋಡುತ್ತಿರಬೇಕು. ಮುಟ್ಟು ನಿಂತ ಮೇಲೆ ಯೋನಿ ಒಣಗಿ ಉರಿಯುತ್ತಿದ್ದರೆ ಅಲ್ಲಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಕೂಡ ಅವಸರವನ್ನು ಕಡಿಮೆ ಮಾಡುತ್ತದೆ, ಡಾಕ್ಟರನ್ನು ಕೇಳಿ. ಕೂಡಲಸಂಗಮಕ್ಕೆ ಹೋಗಿ ಬನ್ನಿ, ಹೊರಡುವ ದಿನ ಬೆಳಿಗ್ಗೆ ಚಹಾ ಬಿಡಿ, ನೀರು ಬಿಡಬೇಡಿ.

ಮಗ್ಗದ ಕೆಲಸ, ವಯಸ್ಸು 43. ಉಚ್ಚೆ ಸೋರುತ್ತದೆ, ಸಂಜೆ ಹೊತ್ತಿಗೆ ಕೆಳಗೆ ಏನೋ ಇಳಿದು ಬಂದಂತೆ ಭಾರ. ಒಬ್ಬ ಡಾಕ್ಟರು 'ಗರ್ಭಚೀಲ ತೆಗೆಸಿಬಿಡಿ, ಎಲ್ಲ ಸರಿ ಹೋಗುತ್ತದೆ' ಅಂದರು. ಓಣಿಯಲ್ಲಿ ಸುಮಾರು ಜನ ತೆಗೆಸಿದ್ದಾರೆ. ತೆಗೆಸಲೇ?
(ರಬಕವಿ-ಬನಹಟ್ಟಿ)

ಉಚ್ಚೆ ಸೋರುವುದಕ್ಕೆ ಗರ್ಭಕೋಶ ತೆಗೆಯುವುದು ಔಷಧಿಯಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ ಅಂತ ಸಂಪಾದಕರಿಗೆ ಹೇಳಿದ್ದೇನೆ. ಗರ್ಭಕೋಶ ತೆಗೆಯಲು ಸರಿಯಾದ ಕಾರಣಗಳಿವೆ: ಕ್ಯಾನ್ಸರ್, ಔಷಧಿಗೆ ನಿಲ್ಲದ ಅತಿ ರಕ್ತಸ್ರಾವ, ದೊಡ್ಡ ಗಡ್ಡೆ, ಪೂರ್ತಿ ಹೊರಗೆ ಜಾರಿದ್ದು. ಸೋರುವುದಕ್ಕೆ ಮಾತ್ರ ತೆಗೆಸಿದವರಿಗೆ ಸೋರುವುದು ಹಾಗೇ ಉಳಿಯುತ್ತದೆ, ಕೆಲವರಿಗೆ ಹೆಚ್ಚೂ ಆಗಿದೆ. 'ಯಾವ ಕಾರಣಕ್ಕೆ ತೆಗೆಯುತ್ತೀರಿ, ಚೀಟಿಯಲ್ಲಿ ಬರೆದುಕೊಡಿ' ಅಂತ ಕೇಳಿ, ಅದನ್ನು ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಸಂಜೆಗೆ ಭಾರ ಅನ್ನಿಸುವುದು ಗರ್ಭಕೋಶವೋ ಉಚ್ಚೆಯ ಚೀಲವೋ ಸ್ವಲ್ಪ ಕೆಳಗೆ ಜಾರಿದ ಲಕ್ಷಣ ಇರಬಹುದು, ಅದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ಸ್ವಲ್ಪ ಜಾರಿದ್ದರೆ ಇದೇ ಸ್ನಾಯು ವ್ಯಾಯಾಮದಿಂದ ಭಾರ ಕಡಿಮೆಯಾಗುತ್ತದೆ. ಒಳಗೆ ಇಡುವ ಪೆಸರಿ ಅನ್ನುವ ಸಿಲಿಕೋನ್ ಬಳೆ ಸಿಗುತ್ತದೆ, ಅಳತೆ ನೋಡಿ ಡಾಕ್ಟರ್ ಇಡುತ್ತಾರೆ. ವ್ಯಾಯಾಮಕ್ಕೂ ಬಗ್ಗದ, ಕೆಮ್ಮಿದರೆ ಸೋರುವವರಿಗೆ ಉಚ್ಚೆಯ ನಾಳದ ಕೆಳಗೆ ಪಟ್ಟಿ ಕೂರಿಸುವ ಆಪರೇಷನ್ ಇದೆ, ಗರ್ಭಕೋಶಕ್ಕೂ ಅದಕ್ಕೂ ಸಂಬಂಧವಿಲ್ಲ. ಪಟ್ಟಿಯಿಂದ ಆಮೇಲೆ ನೋವು, ತೊಂದರೆ ಆದವರೂ ಇದ್ದಾರೆ, ಹಾಗಾಗಿ ಅದು ಕೊನೆಯ ಮಾತು.

ಮಗ್ಗದ ಮೇಲೆ ಕೂತರೆ ಮಧ್ಯಾಹ್ನದವರೆಗೆ ಏಳುವುದಿಲ್ಲ, ನೂಲಿನ ಧೂಳಿಗೆ ಕೆಮ್ಮು ಬೇರೆ. ಕೆಮ್ಮಿಗೆ ಔಷಧಿ ತೆಗೆದುಕೊಳ್ಳಿ, ಪ್ರತಿ ಕೆಮ್ಮೂ ಆ ಸ್ನಾಯುವಿಗೆ ಒಂದು ಗುದ್ದು. ಮೂರು ಗಂಟೆಗೊಮ್ಮೆ ಎದ್ದು ಹೋಗಿ ಬನ್ನಿ. ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿಸಿ. ಅಮೆರಿಕದಲ್ಲಿ ದಪ್ಪಗಿರುವ ಹೆಂಗಸರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೈತೂಕದ ಸುಮಾರು ನೂರಕ್ಕೆ ಎಂಟರಷ್ಟು ಇಳಿಸಿದವರಿಗೆ ಸೋರುವುದು ಹತ್ತಿರಹತ್ತಿರ ಅರ್ಧಕ್ಕೆ ಇಳಿದಿತ್ತು. 70 ಕೆಜಿ ಇದ್ದರೆ ಐದಾರು ಕೆಜಿ, ಅಷ್ಟೇ.

ಆಪರೇಷನ್ ಅಥವಾ ಕಷ್ಟದ ಹೆರಿಗೆ ಆದ ಮೇಲೆ ಹಗಲೂ ರಾತ್ರಿ ನಿಲ್ಲದೆ ಸೋರುತ್ತಿದೆ ಅಂತ ಇನ್ನಿಬ್ಬರು ಬರೆದಿದ್ದಾರೆ. ನಿಮ್ಮದು ವ್ಯಾಯಾಮದ ವಿಷಯವಲ್ಲ. ಚೀಲಕ್ಕೂ ಯೋನಿಗೂ ನಡುವೆ ತೂತು ಬಿದ್ದಿರಬಹುದು. ದೊಡ್ಡ ಆಸ್ಪತ್ರೆಗೆ ಈ ವಾರವೇ ಹೋಗಿ, ಅದನ್ನು ಸರಿಪಡಿಸಲು ಆಗುತ್ತದೆ.

ಪೊಲೀಸ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ, 23 ವರ್ಷ, ಮದುವೆ ಆಗಿಲ್ಲ. ಲಾಂಗ್ ಜಂಪ್ ಹಾರಿ ಇಳಿದಾಗ ಉಚ್ಚೆ ಹನಿಯುತ್ತದೆ. ಯೂಟ್ಯೂಬ್ ನೋಡಿ ಕೀಗಲ್ ದಿನಕ್ಕೆ 200 ಸಲ ಮಾಡಿದೆ. ಈಗ ಕೆಳಗೆ ನೋವು, ಒಂದಕ್ಕೆ ಕೂತರೆ ಬೇಗ ಬರುವುದಿಲ್ಲ.
(ಚಿಕ್ಕೋಡಿ)

ಇವತ್ತಿನಿಂದ ಅದನ್ನು ನಿಲ್ಲಿಸಮ್ಮ. ಕೀಗಲ್ ಅಂದರೆ ಅಮೆರಿಕದ ಒಬ್ಬ ಸ್ತ್ರೀರೋಗ ತಜ್ಞರ ಹೆಸರು. ಆರ್ನಾಲ್ಡ್ ಕೀಗಲ್ 1948ರಲ್ಲಿ ಬಿಗಿ ಹಿಡಿದು ಬಿಡುವ ಈ ವ್ಯಾಯಾಮದ ಬಗ್ಗೆ ಬರೆದರು. ಆದರೆ ಅವರು ಸುಮ್ನೆ ಬಿಗಿ ಹಿಡಿಯಿರಿ ಅಂತ ಹೇಳಿ ಕಳಿಸಲಿಲ್ಲ, ಸ್ನಾಯು ಸರಿಯಾಗಿ ಬಿಗಿಯಾಗುತ್ತಿದೆಯಾ ಅಂತ ಒಳಗಿನ ಒತ್ತಡ ಅಳೆಯುವ ಒಂದು ಉಪಕರಣವನ್ನೇ ಮಾಡಿದ್ದರು. ಯೂಟ್ಯೂಬಿನಲ್ಲಿ ಆ ಅರ್ಧ ಬಿಟ್ಟುಹೋಗಿದೆ.

ಹೆರಿಗೆ ಆಗದವರಿಗೂ, ಓಡುವ ಹಾರುವ ಹುಡುಗಿಯರಿಗೆ ಹೀಗೆ ಹನಿಯುವುದು ಉಂಟು. ನೋವಿದೆ, ಒಂದಕ್ಕೆ ತಡವಾಗುತ್ತದೆ ಅಂದರೆ ನಿನ್ನ ಸ್ನಾಯು ಸಡಿಲ ಬಿಡುವುದನ್ನೇ ಮರೆತಿರಬಹುದು. ಯಾವಾಗಲೂ ಬಿಗಿಯಾಗಿರುವ ಸ್ನಾಯು ಹಾರಿ ಇಳಿದಾಗ ಇನ್ನೆಷ್ಟು ಬಿಗಿಯಾದೀತು? ಮೊದಲು ಸಡಿಲ ಬಿಡಲು ಕಲಿ. ಅಂಗಾತ ಮಲಗಿ ಹೊಟ್ಟೆ ಉಬ್ಬುವ ಹಾಗೆ ಉಸಿರು ಎಳೆದುಕೋ, ಆಗ ಕೆಳಗಿನ ಸ್ನಾಯು ತಾನಾಗಿ ಹಿಗ್ಗುತ್ತದೆ, ಅದನ್ನು ಗಮನಿಸು. ಹೊಟ್ಟೆ ಒಳಗೆ ಎಳೆದುಕೊಂಡೇ ಇಡೀ ದಿನ ನಡೆಯುವ ಅಭ್ಯಾಸ ಇದ್ದರೆ ಬಿಡು. ಉಚ್ಚೆ ಪರೀಕ್ಷೆ ಮಾಡಿಸಿ ಒಮ್ಮೆ ಫಿಸಿಯೋ ಹತ್ತಿರ ಹೋಗು. ಜಂಪ್ ಬಿಡುವುದು ಬೇಡ, ಕೆಲವು ವಾರ ಕಡಿಮೆ ಮಾಡು, ಇಳಿಯುವಾಗ ಮಂಡಿ ಮಡಚಿ ಉಸಿರು ಬಿಡುತ್ತಾ ಇಳಿ.

ಅತ್ತೆಗೆ 70. ಶುಗರ್, ಬಿಪಿ ಎರಡೂ ಇದೆ. ರಾತ್ರಿ ನಾಲ್ಕು ಸಲ ಏಳುತ್ತಾರೆ, ಹೋಗುವಷ್ಟರಲ್ಲಿ ಹಾಸಿಗೆ ಒದ್ದೆ. ಡೈಪರ್ ಹಾಕು ಅಂದರೆ ಅಳುತ್ತಾರೆ.
(ನವನಗರ, ಬಾಗಲಕೋಟೆ)

ಅಳುವುದು ಸಹಜ ಅಲ್ವಾ. ಡೈಪರ್‌ಗಿಂತ ಮೊದಲು ಮಾತ್ರೆಯ ಚೀಟಿ ನೋಡಿ. ಬಿಪಿಗೆ ನೀರು ಹೋಗುವ ಮಾತ್ರೆ ಇದ್ದು ಅದನ್ನು ರಾತ್ರಿ ನುಂಗುತ್ತಿದ್ದರೆ, ಬೆಳಿಗ್ಗೆಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಿ, ನೀವಾಗಿ ಬದಲಾಯಿಸಬೇಡಿ. ಶುಗರ್ ಏರಿದ್ದರೆ ಉಚ್ಚೆ ಜಾಸ್ತಿ ಬರುತ್ತದೆ, ಅದನ್ನು ಹಿಡಿತಕ್ಕೆ ತನ್ನಿ. ಸಂಜೆ ಕಾಲು ಬಾವು ಬರುತ್ತಿದ್ದರೆ ಮಧ್ಯಾಹ್ನ ಒಂದು ಗಂಟೆ ಕಾಲು ಎತ್ತರಕ್ಕಿಟ್ಟು ಮಲಗಿಸಿ. ಕಾಲಲ್ಲಿ ನಿಂತ ನೀರು ರಾತ್ರಿ ಮಲಗಿದ ಮೇಲೆ ಉಚ್ಚೆಯಾಗಿ ಇಳಿಯುತ್ತದೆ, ಅದು ಹಗಲೇ ಹೋಗಲಿ. ಒಂದಕ್ಕೆ ಕೂತರೂ ಪೂರ್ತಿ ಹೋಗದೆ ಹನಿ ಹನಿ ಸೋರುತ್ತಿದೆಯಾ ಅಂತಲೂ ಕೇಳಿ, ಹಳೆಯ ಶುಗರ್ ಇದ್ದವರಲ್ಲಿ ಚೀಲ ಖಾಲಿಯಾಗದೆ ತುಂಬಿ ಸೋರುವುದುಂಟು, ಅದನ್ನು ಸ್ಕ್ಯಾನ್ ಮಾಡಿ ನೋಡಬೇಕು. ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ ಹಾಕಿ. ಅವಸರದಲ್ಲಿ ಎದ್ದು ಬಿದ್ದು ಚಪ್ಪೆ ಎಲುಬು ಮುರಿದರೆ ಅದು ಬೇರೆಯೇ ಕಥೆ. ವ್ಯಾಯಾಮ 70ಕ್ಕೂ ಆಗುತ್ತದೆ, ಮಲಗಿಕೊಂಡೇ ಮಾಡಲಿ.

ಫಿಸಿಯೋ ಹತ್ತಿರ ಹೋದರೆ ಏನು ಮಾಡುತ್ತಾರೆ? ಒಳಗೆ ಕೈ ಹಾಕುತ್ತಾರಾ? ಗಂಡಸರಿದ್ದರೆ?
(ಬೇರೆ ಬೇರೆ ಊರುಗಳಿಂದ ಬಹಳ ಜನ)

ಮೊದಲ ದಿನ ಹೆಚ್ಚಿನ ಹೊತ್ತು ಬರೀ ಮಾತು. ಹೆರಿಗೆ, ಆಪರೇಷನ್, ಮಾತ್ರೆ, ಮಲಬದ್ಧತೆ, ಎಷ್ಟು ಸೋರುತ್ತದೆ, ಎಲ್ಲ ಕೇಳುತ್ತಾರೆ. ಆಮೇಲೆ ನೀವು ಉಸಿರಾಡುವುದು, ಏಳುವುದು, ಬಗ್ಗುವುದು ನೋಡುತ್ತಾರೆ. ಸ್ನಾಯುವಿನ ಬಲ ಸರಿಯಾಗಿ ತಿಳಿಯಬೇಕಾದರೆ ಗ್ಲೌಸ್ ಹಾಕಿದ ಒಂದು ಬೆರಳು ಯೋನಿಯೊಳಗೆ ಇಟ್ಟು 'ಈಗ ಬಿಗಿ ಹಿಡಿಯಿರಿ' ಅನ್ನುತ್ತಾರೆ. ನಿಮ್ಮನ್ನು ಕೇಳಿ, ನೀವು ಹೂಂ ಅಂದ ಮೇಲೆ ಮಾತ್ರ. ಬೇಡ ಅಂದರೆ ಬೇಡ, ನಡುವೆ ಸಾಕು ಅಂದರೂ ಸಾಕು. ಮದುವೆಯಾಗದ ಹುಡುಗಿಯರಿಗೆ, ಒಪ್ಪದವರಿಗೆ ಹೊಟ್ಟೆಯ ಮೇಲಿನ ಸ್ಕ್ಯಾನ್‌ನಲ್ಲಿ, ಅಥವಾ ಹೊರಗಿನಿಂದ ನೋಡಿಯೇ ಕಲಿಸಬಹುದು. ಕೆಲವು ಕಡೆ ಬಯೋಫೀಡ್‌ಬ್ಯಾಕ್ ಯಂತ್ರ ಇರುತ್ತದೆ, ನೀವು ಬಿಗಿ ಹಿಡಿದದ್ದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಸ್ನಾಯು ಸಿಗದೇ ಇರುವವರಿಗೆ ಅದು ಉಪಯೋಗ, ಸಿಕ್ಕವರಿಗೆ ಅಷ್ಟೇನೂ ಬೇಡ.

ಮಹಿಳಾ ಫಿಸಿಯೋನೇ ಬೇಕು ಅಂತ ಕೇಳುವುದು ನಿಮ್ಮ ಹಕ್ಕು, ಜೊತೆಗೆ ಅಕ್ಕನನ್ನೋ ಮಗಳನ್ನೋ ಕರೆದುಕೊಂಡು ಹೋಗಿ. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ಇಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಮೊದಲು ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಅಲ್ಲಿ 'ಪೆಲ್ವಿಕ್ ಫ್ಲೋರ್ ನೋಡುವ ಲೇಡಿ ಫಿಸಿಯೋ ಇದ್ದಾರಾ' ಅಂತ ಇದೇ ಮಾತಿನಲ್ಲಿ ಕೇಳಿ. ಬರೀ ಫಿಸಿಯೋ ಅಂದರೆ ಸೊಂಟಕ್ಕೆ ಶಾಖ ಕೊಟ್ಟು ಕಳಿಸುತ್ತಾರೆ.

ಉಚ್ಚೆಯಲ್ಲಿ ರಕ್ತ ಬಂದರೆ, ಇಲ್ಲವೇ ಉರಿ ಜೊತೆ ಜ್ವರ ಇದ್ದರೆ ಫಿಸಿಯೋಗೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಇದ್ದಕ್ಕಿದ್ದಂತೆ ಕಾಲು ಸೋತು ಕೂರುವ ಜಾಗ ಮರಗಟ್ಟಿ ಉಚ್ಚೆ ಹಿಡಿತ ತಪ್ಪಿದರೆ ಅದೇ ದಿನ, ರಾತ್ರಿಯಾದರೂ ಸರಿ.

ಗುಣ ಆಗುವವರೆಗೆ ಮುಟ್ಟಿನ ಪ್ಯಾಡ್ ಹಾಕಿಕೊಳ್ಳಬಹುದಾ?
(ಇಂಡಿ)

ಒಂದೆರಡು ಹನಿಗಾದರೆ ಆಗುತ್ತದೆ. ಜಾಸ್ತಿ ಸೋರಿದರೆ ಅದು ಹೀರುವುದಿಲ್ಲ, ಉಚ್ಚೆ ನೀರಿನ ಹಾಗೆ ಒಮ್ಮೆಲೇ ಬರುತ್ತದೆ, ಪಕ್ಕಕ್ಕೆ ಹರಿದು ತೊಡೆ ಸಂದಿ ಕೆಂಪಾಗುತ್ತದೆ. ಉಚ್ಚೆಗೆ ಅಂತಲೇ ಬೇರೆ ಪ್ಯಾಡ್ ಮೆಡಿಕಲ್ ಅಂಗಡಿಯಲ್ಲಿ ಕೇಳಿ. ಬಟ್ಟೆ ಬಳಸುವವರು ಹತ್ತಿಯದ್ದೇ ಬಳಸಿ, ಒದ್ದೆಯಾದ ಕೂಡಲೇ ಬದಲಾಯಿಸಿ, ಬಿಸಿಲಿಗೆ ಒಣಗಿಸಿ. ಬಾಗಿಲ ಹಿಂದೆ ಮುಚ್ಚಿಟ್ಟು ಒಣಗಿಸಬೇಡಿ. ತೊಳೆದುಕೊಳ್ಳಲು ಬರೀ ನೀರು ಸಾಕು, ಸೋಪು, ಡೆಟಾಲ್ ಬೇಡ.